ಕೃತ್ತಿಕೆಯ ನೀಲಿ ಮಬ್ಬು ಏಕೆ ಸಿಗುತ್ತಿಲ್ಲ?

ನಿಮ್ಮ ಕ್ಯಾಮೆರಾದಲ್ಲಿ ದೋಷವಿಲ್ಲ. ತೊಂದರೆ ಇರುವುದು ಬೆಂಗಳೂರಿನ ಬೆಳಗುವ ಆಕಾಶದಲ್ಲಿ, ಜೊತೆಗೆ ನೀವು ಹೊಸದಾಗಿ ಕೊಂಡ ಫಿಲ್ಟರ್‌ನಲ್ಲಿ. ಹೈಡ್ರೋಜನ್, ಆಕ್ಸಿಜನ್‌ಗಳ ಕೆಲವೇ ಬಣ್ಣಗಳನ್ನು ಒಳಬಿಡುವ ಇಂಥ ಫಿಲ್ಟರ್, ಓರಿಯನ್ ನೀಹಾರಿಕೆಯಂತೆ ಅನಿಲವೇ ಹೊಳೆಯುವ ಕಡೆ ಬಹಳ ಉಪಯುಕ್ತ. ಕೃತ್ತಿಕೆಯ ಸುತ್ತ ಇರುವುದು ದೂಳು. ಅದು ನಕ್ಷತ್ರದ ಬೆಳಕನ್ನೇ ಚದುರಿಸುತ್ತದೆ, ಅದರಲ್ಲೂ ನೀಲಿಯನ್ನು ಹೆಚ್ಚಾಗಿ. ಮೆರೊಪೆ ನಕ್ಷತ್ರದ ಬಳಿಯ ಮಬ್ಬಿನ ರೋಹಿತ ನಕ್ಷತ್ರಗಳ ರೋಹಿತವನ್ನೇ ಹೋಲುತ್ತದೆಂದು 1912ರಲ್ಲಿ ಖಗೋಳವಿಜ್ಞಾನಿ ವೆಸ್ಟೊ ಸ್ಲೈಫರ್ ಕಂಡುಕೊಂಡರು. ಹೀಗೆ ಎಲ್ಲ ಬಣ್ಣಗಳಲ್ಲೂ ಹರಡಿಕೊಂಡ ಬೆಳಕಿನ ಬಹುಪಾಲನ್ನು ನಿಮ್ಮ ಫಿಲ್ಟರ್ ತಡೆಯುತ್ತಿದೆ. ಅದನ್ನು ತೆಗೆದಿಡಿ.

ಡಿಸೆಂಬರ್ ಅಮಾವಾಸ್ಯೆಯ ಆಸುಪಾಸಿನಲ್ಲಿ ಊರ ದೀಪಗಳಿಂದ ದೂರ ಹೋಗಿ. ಟ್ರ್ಯಾಕರ್ ಮೇಲೆ ನಿಮ್ಮ 200 ಮಿಮೀ ಲೆನ್ಸ್ ಧಾರಾಳ ಸಾಕು. ಎರಡೆರಡು ನಿಮಿಷದ ಚಿತ್ರಗಳನ್ನು ತೆಗೆಯುತ್ತ ಒಟ್ಟು 3 ಗಂಟೆಯಾದರೂ ಬೆಳಕು ಕೂಡಿಸಿ. ಫ್ಲ್ಯಾಟ್ ಫ್ರೇಮ್‌ಗಳನ್ನು ಮಾತ್ರ ದಯವಿಟ್ಟು ಬಿಡಬೇಡಿ. ಅವು ಸರಿಪಡಿಸುವ ಲೆನ್ಸ್ ಅಂಚಿನ ಕಪ್ಪು ನೆರಳಿಗಿಂತಲೂ ಈ ದೂಳು ಮಸುಕು.

ಇನ್ನು ಎಡಿಟಿಂಗ್. ಹಿನ್ನೆಲೆ ಸಮ ಮಾಡುವ ಸಾಫ್ಟ್‌ವೇರ್, ಹರಡಿದ ದೂಳನ್ನೂ ಊರಿನ ಬೆಳಕೆಂದು ತಿಳಿದು ಅಳಿಸಿಬಿಡುತ್ತದೆ. ಅದು ಹಿನ್ನೆಲೆಯನ್ನು ಅಳೆಯುವ ಮಾದರಿ ಬಿಂದುಗಳನ್ನು ನಕ್ಷತ್ರಗಳಿಂದ ಸಾಕಷ್ಟು ದೂರ, ನೀವೇ ಕೈಯಾರೆ ಇಡಿ.