ಬಾವಿಯ ಲೆಕ್ಕವೂ ಯೋಸೇಫನ ಕಣಜವೂ

ಮನೆಕೂಟಗಳಿಗಾಗಿ ಒಂದು ಪಾಠ

ಓದತಕ್ಕ ವೇದಭಾಗಗಳು: ಆದಿಕಾಂಡ 41:25–49, 47:13–25, 2 ಸಮುವೇಲ 24:1–10, ಮಾರ್ಕ 6:35–44, ಯಾಜಕಕಾಂಡ 19:35–36.



ಮಳೆಗಾಲವು ತೀರಿದ ಬಳಿಕ ಒಣಸೀಮೆಯ ಒಬ್ಬ ರೈತನು ತನ್ನ ಬಾವಿಯ ದಂಡೆಯ ಮೇಲೆ ನಿಂತು ಒಳಗೆ ಬಗ್ಗಿ ನೋಡುತ್ತಾನೆಂದು ಭಾವಿಸಿಕೊಳ್ಳೋಣ. ನೀರು ಹೊಳೆಯುತ್ತದೆ. ನೆರೆಯವನು ಭತ್ತಕ್ಕೆ ಮಡಿ ಮಾಡುತ್ತಿದ್ದಾನೆ. ಅದನ್ನು ಕಂಡು ಇವನೂ ಸಾಲ ತೆಗೆದು, ಬೀಜಗೊಬ್ಬರಗಳನ್ನು ತಂದು, ಭತ್ತವನ್ನೇ ನೆಡುತ್ತಾನೆ. ತೆನೆ ಕಟ್ಟುವ ಹೊತ್ತಿಗೆ ಬಾವಿಯು ಬತ್ತುತ್ತದೆ. ಆಗ ಎರಡನೆಯ ಸಾಲ ಮಾಡಿ ಕೊಳವೆಬಾವಿಯನ್ನು ಕೊರೆಯಿಸುತ್ತಾನೆ. ಅದೂ ಒಣಗಿದರೆ ಮೂರನೆಯ ಸಾಲ. ಕಡೆಗೆ ಹೊಲವೇ ಸಾಲಗಾರನ ಪಾಲಾಗುತ್ತದೆ. ಇಂಥ ಮನೆಗಳನ್ನು ನಾವೆಲ್ಲರೂ ಬಲ್ಲೆವು. ಆ ರೈತನು ಸೋಮಾರಿಯಲ್ಲ, ದುಂದುಗಾರನೂ ಅಲ್ಲ. ಬಾವಿಯಲ್ಲಿ ನೀರು ಉಂಟೆಂಬದನ್ನು ನೋಡಿದನು. ಎಷ್ಟು ಉಂಟೆಂಬದನ್ನು ಮಾತ್ರ ಅಳೆಯಲಿಲ್ಲ. ಈ ತಿಂಗಳಿನ ಪಾಠವು ಆ ಅಳತೆಯನ್ನು ಕುರಿತದ್ದು.

1. ಯೋಸೇಫನು ಮಾಡಿದ ಕೆಲಸ

ಫರೋಹನ ಕನಸಿನ ಅರ್ಥವನ್ನು ದೇವರೇ ಯೋಸೇಫನಿಗೆ ತಿಳಿಸಿದನು. ಆದರೆ ಧಾನ್ಯವನ್ನು ಅಳೆಯುವದಕ್ಕೆ ಪರಲೋಕದಿಂದ ದೂತರು ಇಳಿದು ಬರಲಿಲ್ಲ. ಯೋಸೇಫನು ಐಗುಪ್ತದೇಶದಲ್ಲೆಲ್ಲಾ ಸಂಚರಿಸಿ ನೋಡಿದನು. ಬೆಳೆಯಲ್ಲಿ ಐದರಲ್ಲೊಂದು ಪಾಲನ್ನು ಎತ್ತಿಡುವಂತೆ ಗೊತ್ತುಮಾಡಿದನು. ಆಯಾ ಪಟ್ಟಣದ ಸುತ್ತಲಿನ ಹೊಲಗಳ ಧಾನ್ಯವನ್ನು ಆಯಾ ಪಟ್ಟಣದಲ್ಲಿಯೇ ಕೂಡಿಸಿಟ್ಟನು. ಧಾನ್ಯವು ಲೆಕ್ಕಕ್ಕೆ ಮೀರಿದಾಗ ಎಣಿಸುವದನ್ನು ನಿಲ್ಲಿಸಿದನೆಂದು 49ನೆಯ ವಚನದಿಂದ ತಿಳಿಯುತ್ತದೆ. ಹಾಗಾದರೆ ಅಲ್ಲಿಯ ವರೆಗೆ ಎಣಿಸುತ್ತಲೇ ಇದ್ದನಲ್ಲವೇ? ದೇವರ ಮಾತನ್ನು ನಂಬಿದವನು ಅಳತೆಯನ್ನು ಬಿಟ್ಟುಬಿಡಲಿಲ್ಲ, ನಂಬಿದ್ದರಿಂದಲೇ ಅಳೆಯತೊಡಗಿದನು.

ಐಗುಪ್ತದವರು ತಮ್ಮ ನೀಲ ನದಿಯನ್ನೂ ಅಳೆಯುತ್ತಿದ್ದರು. ಅಸ್ವಾನಿನ ಬಳಿ ಎಲಿಫಂಟೈನ್ ಎಂಬ ನಡುಗಡ್ಡೆಯಲ್ಲಿ, ನದಿಗೆ ಇಳಿಯುವ ಕಲ್ಲಿನ ಮೆಟ್ಟಲುಗಳ ಗೋಡೆಯ ಮೇಲೆ ಮೊಳದ ಗುರುತುಗಳನ್ನು ಇಂದಿಗೂ ಕಾಣಬಹುದು. ಕೈರೋ ಪಟ್ಟಣದ ರೋಡಾ ನಡುಗಡ್ಡೆಯಲ್ಲಿ 861ನೆಯ ಇಸವಿಯಲ್ಲಿ ಕಟ್ಟಿದ ಅಳತೆಗಂಬವೂ ನಿಂತಿದೆ. ಮೊದಲನೆಯ ಶತಮಾನದ ರೋಮಾಪುರದ ಪಂಡಿತನಾದ ಪ್ಲಿನಿಯು ಬರೆದಿಟ್ಟ ಪ್ರಕಾರ, ನೆರೆಯು 12 ಮೊಳ ಏರಿದರೆ ಕ್ಷಾಮ, 13 ಮೊಳವಾದರೆ ಹಸಿವು, 14ಕ್ಕೆ ಸಂತೋಷ, 15ಕ್ಕೆ ನಿಶ್ಚಿಂತೆ, 16ಕ್ಕೆ ಪರಮಾನಂದ. ಅದಕ್ಕಿಂತ ಹೆಚ್ಚಾದರೂ ಕೇಡೇ. ನೀರು ಬೇಗನೆ ಇಳಿಯದೆ ಬಿತ್ತನೆಯು ತಡವಾಗುವದು. ಬೀಜವು ಮಣ್ಣಿಗೆ ಬೀಳುವದಕ್ಕೆ ಮುಂಚೆಯೇ ಆ ವರುಷದ ಸುಗ್ಗಿ ಹೇಗಿರುವದೆಂದು ಒಂದು ಕಲ್ಲಿನ ಗುರುತು ತಿಳಿಸುತ್ತಿತ್ತು.

ಇಲ್ಲಿ ಇನ್ನೊಂದು ಸಂಗತಿಯನ್ನೂ ಮರೆಯಬಾರದು. ಆ ಅಳತೆಯು ಗುಡಿಯ ಪೂಜಾರಿಗಳ ಮತ್ತು ಅರಸನ ಅಧಿಕಾರಿಗಳ ಕೈಯಲ್ಲಿತ್ತು. ಕಂದಾಯವನ್ನು ಗೊತ್ತುಮಾಡುವದಕ್ಕೂ ಅದು ಉಪಯೋಗವಾಗುತ್ತಿತ್ತು. ಆದಿಕಾಂಡ 47ನೆಯ ಅಧ್ಯಾಯವನ್ನು ಓದಿರಿ. ಬರವು ಬಂದಾಗ ಜನರು ಮೊದಲು ಹಣವನ್ನು, ಆಮೇಲೆ ದನಗಳನ್ನು, ಕಡೆಗೆ ಹೊಲಗಳನ್ನೂ ತಮ್ಮನ್ನೂ ಫರೋಹನಿಗೆ ಒಪ್ಪಿಸಿ ಧಾನ್ಯವನ್ನು ಕೊಂಡರು. ಅವರ ಪ್ರಾಣವು ಉಳಿಯಿತು, ನಿಜ, ಭೂಮಿಯು ಉಳಿಯಲಿಲ್ಲ. ಕಣಜವೂ ಲೆಕ್ಕವೂ ಅರಮನೆಯಲ್ಲಿ ಮಾತ್ರ ಇದ್ದರೆ ಬಡವನು ಬದುಕಿದರೂ ಒಡೆಯನಾಗಿ ಉಳಿಯುವದು ಕಷ್ಟ. ಆದಕಾರಣ ಲೆಕ್ಕವು ಹೊಲದವನ ಕೈಯಲ್ಲಿಯೂ ಇರಬೇಕು.

2. ಅಳೆಯುವದು ಅವಿಶ್ವಾಸವೋ?

ಕೆಲವರು ಹೀಗೆ ಕೇಳುವದುಂಟು: “ದಾವೀದನು ಜನರನ್ನು ಎಣಿಸಿದ್ದಕ್ಕೆ ದೇಶದ ಮೇಲೆ ಮರಣವ್ಯಾಧಿ ಬಂತಲ್ಲವೇ? ನಾಳೆಯ ಚಿಂತೆ ಮಾಡಬೇಡಿರೆಂದು ಕರ್ತನೇ ಕಲಿಸಿದನಲ್ಲಾ? ಮಳೆಯನ್ನು ಕೊಡುವವನು ದೇವರಾಗಿರಲಾಗಿ ನಾವು ಅಳೆಯುವದು ಯಾಕೆ?” ಇದು ತಳ್ಳಿಬಿಡತಕ್ಕ ಪ್ರಶ್ನೆಯಲ್ಲ.

ದಾವೀದನು ಎಣಿಸಿದ್ದು ಕತ್ತಿ ಹಿಡಿಯುವ ಗಂಡಸರನ್ನು. ತನ್ನ ಬಲವು ಎಷ್ಟೆಂದು ತಿಳಿದು ಅದರ ಮೇಲೆ ಭರವಸವಿಡಬೇಕೆಂದು ಅವನು ಎಣಿಸಿದಂತೆ ಕಾಣುತ್ತದೆ. ಲೆಕ್ಕವು ಮುಗಿದೊಡನೆ ಅವನ ಮನಸ್ಸೇ ಅವನನ್ನು ಚುಚ್ಚಿತು. ಯೋಸೇಫನು ಎಣಿಸಿದ್ದಾದರೋ ಹಸಿದವರಿಗೆ ಹಂಚುವದಕ್ಕಾಗಿ. ಎರಡೂ ಎಣಿಕೆಗಳೇ, ಹೃದಯವು ಬೇರೆ.

ನಮ್ಮ ಕರ್ತನು ಐದು ಸಾವಿರ ಜನರಿಗೆ ಊಟ ಮಾಡಿಸಿದ ದಿವಸವನ್ನು ನೆನಸಿರಿ. ಅದ್ಭುತಕ್ಕೆ ಮುಂಚೆ ಶಿಷ್ಯರ ಬಳಿ ಎಷ್ಟು ರೊಟ್ಟಿಗಳಿವೆಯೆಂದು ಕೇಳಿ, ಹೋಗಿ ನೋಡುವಂತೆ ಅವರಿಗೆ ಅಪ್ಪಣೆ ಕೊಟ್ಟನು. ಅವರು ನೋಡಿ ಬಂದು, ಐದು ರೊಟ್ಟಿ ಎರಡು ಮೀನು ಎಂದು ತಿಳಿಸಿದರು. ಊಟವಾದ ಮೇಲೆ ಉಳಿದ ತುಂಡುಗಳನ್ನೂ ಕೂಡಿಸಿ ಹನ್ನೆರಡು ಪುಟ್ಟಿಗಳೆಂದು ಎಣಿಸಿದರು. ಎಲ್ಲವನ್ನೂ ಬಲ್ಲ ಕರ್ತನೇ ತನ್ನವರಿಂದ ಲೆಕ್ಕವನ್ನು ಕೇಳಿದ ಮೇಲೆ ನಾವು ಬಾವಿಯನ್ನು ಅಳೆಯಲು ಹಿಂಜರಿಯುವದೇಕೆ? ಚಿಂತೆಯೇ ಬೇರೆ, ಲೆಕ್ಕವೇ ಬೇರೆ. ಎಷ್ಟುಂಟೆಂದು ತಿಳಿಯದವನೇ ರಾತ್ರಿಯೆಲ್ಲಾ ಚಿಂತಿಸುತ್ತಾನೆ.

ನಮ್ಮ ಹಿರಿಯರು ರೋಹಿಣಿ, ಮೃಗಶಿರ, ಆರಿದ್ರೆ ಎಂದು ಮಳೆಗಳನ್ನು ಹೆಸರಿಟ್ಟು ಕರೆಯುತ್ತಿದ್ದದ್ದೂ ಬಹುಕಾಲ ಕಣ್ಣಿಟ್ಟು ನೋಡಿದ ಅನುಭವದಿಂದಲೇ. ಕಾಲದ ಗುರುತಾಗಿ ಆ ಹೆಸರುಗಳು ಇರಲಿ. ಫಲ ಕೇಳುವದನ್ನು ಬಿಟ್ಟ ನಾವು ನೋಡುವದನ್ನು ಬಿಡಬಾರದು.

3. ನೆರೆಯ ಸೀಮೆಯ ಸಾಕ್ಷಿ

ನಮ್ಮ ಪಾವಗಡ, ಚಳ್ಳಕೆರೆ ಸೀಮೆಗಳಿಗೆ ಹೊಂದಿಕೊಂಡಿರುವ ಅನಂತಪುರವು ವರುಷಕ್ಕೆ ಸುಮಾರು 550 ಮಿಲ್ಲಿಮೀಟರ್ ಮಳೆ ಬೀಳುವ ಒಣಭೂಮಿ. ಆ ಜಿಲ್ಲೆಯೂ ಸೇರಿ ಆಗಿನ ಆಂಧ್ರ ಪ್ರದೇಶದ ಏಳು ಜಿಲ್ಲೆಗಳಲ್ಲಿ 2003ನೆಯ ಇಸವಿಯಿಂದ ಕೆಲವು ವರುಷ ಒಂದು ಕೆಲಸವು ನಡೆಯಿತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಸಹಾಯದಿಂದ 600ಕ್ಕೂ ಹೆಚ್ಚು ಊರುಗಳ ರೈತರು ತಮ್ಮ ನೀರನ್ನು ತಾವೇ ಅಳೆಯುವದಕ್ಕೆ ಕಲಿತರು. ಹೆಚ್ಚಾಗಿ ಓದುಬರಹ ಕಲಿಯದ ಗಂಡಸರೂ ಹೆಂಗಸರೂ ಇದರಲ್ಲಿ ಸೇರಿದ್ದರು. ಮಳೆಯನ್ನು ದಿನದಿನವೂ, ಗೊತ್ತುಮಾಡಿದ ಬಾವಿಗಳ ನೀರಿನ ಮಟ್ಟವನ್ನು ಹದಿನೈದು ದಿವಸಕ್ಕೊಮ್ಮೆಯೂ ಅಳೆದು, ಎಲ್ಲರ ಕಣ್ಣಿಗೆ ಬೀಳುವಂತೆ ಊರಿನ ಹಲಗೆಯ ಮೇಲೆ ಬರೆಯುತ್ತಿದ್ದರು. ಮಳೆಗಾಲವು ಮುಗಿದ ಮೇಲೆ ಊರೆಲ್ಲಾ ಕೂಡಿ, ಇರುವ ನೀರೆಷ್ಟು, ಬಿತ್ತಬೇಕೆಂದಿರುವ ಬೆಳೆಗಳಿಗೆ ಬೇಕಾದ ನೀರೆಷ್ಟು ಎಂದು ಲೆಕ್ಕ ಹಾಕುತ್ತಿದ್ದರು.

ಭತ್ತ ಹಾಕಬಾರದೆಂದು ಅವರಿಗೆ ಯಾರೂ ಕಾನೂನು ಮಾಡಲಿಲ್ಲ. ಹಾಕದೆ ಇದ್ದದ್ದಕ್ಕೆ ಹಣವನ್ನೂ ಕೊಡಲಿಲ್ಲ. ತೀರ್ಮಾನವು ಒಬ್ಬೊಬ್ಬನಿಗೂ ಬಿಟ್ಟದ್ದು. ಆದರೂ ಲೆಕ್ಕವು ಕಣ್ಣೆದುರಿಗೆ ನಿಂತಾಗ ಅನೇಕರು ಭತ್ತವನ್ನು ತಗ್ಗಿಸಿ, ಕಡಿಮೆ ನೀರಿನ ಬೆಳೆಗಳನ್ನು ಹೆಚ್ಚಿಸಿಕೊಂಡರು. ಹೊರಗಿನ ಸಹಾಯವು ನಿಂತ ಮೇಲೆ ಕೆಲವು ಊರುಗಳಲ್ಲಿ ಅಳತೆಯು ಸಡಿಲವಾಯಿತೆಂಬದನ್ನೂ ಮರೆಮಾಡಬಾರದು. ಯಾರೋ ಬಂದು ಮಾಡಿಸುವ ವರೆಗೆ ಮಾತ್ರ ಮಾಡಿದ ಕೆಲಸವು ಬೇರು ಬಿಡುವದಿಲ್ಲ. ಈ ಮಾತು ಸಭೆಯ ಕೆಲಸಕ್ಕೂ ಸಲ್ಲುತ್ತದೆ.

4. ಒಂದು ಊರಿನ ಲೆಕ್ಕ

ಒಂದು ಎಕರೆಯ ಮೇಲೆ ಒಂದು ಮಿಲ್ಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 4,000 ಲೀಟರ್ ನೀರು. ಹಾಗಾದರೆ 500 ಮಿಲ್ಲಿಮೀಟರ್ ಮಳೆಗೆ ಎಕರೆಗೆ 20 ಲಕ್ಷ ಲೀಟರ್. ಆದರೆ ಅದರಲ್ಲಿ ಬಹುಭಾಗವು ಆವಿಯಾಗಿಯೂ ಹರಿದೂ ಹೋಗುತ್ತದೆ. ನಮ್ಮ ಬಂಡೆಯ ನೆಲದಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ ಇಂಗಿ ಬಾವಿಗೆ ಸೇರುತ್ತದೆಂದು ಇಟ್ಟುಕೊಂಡರೆ, ಎಕರೆಗೆ 2 ಲಕ್ಷ ಲೀಟರ್. ಸಾವಿರ ಎಕರೆಯ ಊರಿಗೆ 20 ಕೋಟಿ ಲೀಟರ್.

ಮೊದಲು ಕುಡಿಯುವ ನೀರನ್ನು ತೆಗೆದಿಡಬೇಕು. ಸಾವಿರ ಜನರಿಗೆ, ದನಕರುಗಳ ಪಾಲನ್ನೂ ಸೇರಿಸಿ, ತಲೆಗೆ ದಿನಕ್ಕೆ 100 ಲೀಟರ್ ಎಂದಿಟ್ಟರೆ ವರುಷಕ್ಕೆ 3 ಕೋಟಿ 65 ಲಕ್ಷ. ಉಳಿದದ್ದು ಸುಮಾರು 16 ಕೋಟಿ.

ಬೇಸಿಗೆಯ ಭತ್ತಕ್ಕೆ ಸುಮಾರು 1,200 ಮಿಲ್ಲಿಮೀಟರ್ ನೀರು ಬೇಕಾಗುತ್ತದೆ. ಅಂದರೆ ಎಕರೆಗೆ 48 ಲಕ್ಷ ಲೀಟರ್. ಒಂದು ಎಕರೆ ಭತ್ತವು ಇಪ್ಪತ್ತನಾಲ್ಕು ಎಕರೆಯ ಇಂಗಿದ ಮಳೆಯನ್ನು ಕುಡಿಯುತ್ತದೆ! ಮಡಿಯಿಂದ ಒಂದಂಶವು ಮರಳಿ ಇಂಗುವದು ನಿಜ. ಆದರೂ ಲೆಕ್ಕದ ಭಾರವು ಹಗುರವಾಗುವದಿಲ್ಲ. ಕಡಲೆಕಾಯಿಗೆ ಸುಮಾರು 500 ಮಿಲ್ಲಿಮೀಟರ್ ಸಾಕು. ಎಕರೆಗೆ 20 ಲಕ್ಷ. ಆ 16 ಕೋಟಿಯಲ್ಲಿ ಭತ್ತವಾದರೆ 33 ಎಕರೆ, ಕಡಲೆಕಾಯಿಯಾದರೆ 80 ಎಕರೆ. ಊರವರು ಭತ್ತವನ್ನೇ 60 ಎಕರೆ ನೆಟ್ಟರೆ ಏನಾಗುವದು? ಯಾರದೋ ಬಾವಿ ಬತ್ತಲೇಬೇಕು. ಮೊದಲು ಬತ್ತುವದು ಆಳವಿಲ್ಲದ ಬಾವಿ, ಅಂದರೆ ಬಡವನ ಬಾವಿ.

ಪಾಠದ ತಿರುಳು ಇಲ್ಲಿದೆ. ಹೊಲಗಳಿಗೆ ಬದುವುಂಟು, ನೆಲದೊಳಗಿನ ನೀರಿಗೆ ಬದುವಿಲ್ಲ. ಒಬ್ಬನು ಅಳತೆ ತಪ್ಪಿ ತೆಗೆದದ್ದು ಇನ್ನೊಬ್ಬನ ಕೊಡದಿಂದ ತೆಗೆದದ್ದೇ. ತೂಕದಲ್ಲಿಯೂ ಅಳತೆಯಲ್ಲಿಯೂ ಅನ್ಯಾಯ ಮಾಡಬಾರದೆಂದು ಇಸ್ರಾಯೇಲ್ಯರಿಗೆ ಕೊಟ್ಟ ಆಜ್ಞೆಯು ಅಂಗಡಿಯ ತಕ್ಕಡಿಗೆ ಮಾತ್ರವಲ್ಲ, ಬಾವಿಯ ಹಗ್ಗಕ್ಕೂ ಸೇರಿದ್ದು.

5. ನಾವು ಮಾಡತಕ್ಕದ್ದು

ಮಳೆಯ ಅಳತೆ: ಮರಗಳಿಗೂ ಗೋಡೆಗಳಿಗೂ ದೂರವಾದ ಬಯಲಿನಲ್ಲಿ, ಬಾಯಿಂದ ಬುಡದ ವರೆಗೆ ಒಂದೇ ಅಗಲವಾಗಿರುವ ಚಪ್ಪಟೆ ಬುಡದ ಪಾತ್ರೆಯನ್ನು ಅಲುಗದಂತೆ ಇಡಿರಿ. ದಿನಾಲು ಬೆಳಿಗ್ಗೆ ಎಂಟೂವರೆಗೆ ಒಳಗಿನ ನೀರಿನ ಎತ್ತರವನ್ನು ಅಡಿಕೋಲಿನಿಂದ ಮಿಲ್ಲಿಮೀಟರಿನಲ್ಲಿ ಅಳೆದು ಬರೆದು, ಪಾತ್ರೆಯನ್ನು ಬರಿದುಮಾಡಿರಿ. ಮಳೆ ಬಾರದ ದಿವಸ ಸೊನ್ನೆಯನ್ನು ಬರೆಯಿರಿ, ಸೊನ್ನೆಯೂ ಲೆಕ್ಕವೇ.

ಬಾವಿಯ ಅಳತೆ: ತೆರೆದ ಬಾವಿಗೆ, ಗುರುತು ಹಾಕಿದ ಹಗ್ಗದ ತುದಿಗೆ ಕಲ್ಲು ಕಟ್ಟಿ, ಹದಿನೈದು ದಿವಸಕ್ಕೊಮ್ಮೆ, ಪಂಪು ಹಾಕುವದಕ್ಕೆ ಮುಂಚೆ, ದಂಡೆಯ ಒಂದೇ ಕಲ್ಲಿನಿಂದ ಇಳಿಬಿಟ್ಟು ನೋಡಿರಿ.

ಮಣ್ಣಿನ ಅಳತೆ: 2009ರಲ್ಲಿ ಕರ್ನಾಟಕದಲ್ಲಿ ಆರಂಭವಾದ ಭೂಚೇತನ ಕಾರ್ಯದಲ್ಲಿ ಮಣ್ಣನ್ನು ಪರೀಕ್ಷಿಸಲಾಗಿ, ಅನೇಕ ಹೊಲಗಳಲ್ಲಿ ಗಂಧಕ, ಸತು, ಬೋರಾನ್ ಎಂಬವುಗಳ ಕೊರತೆ ಕಂಡುಬಂತು. ಬರಿಗಣ್ಣಿಗೆ ತೋರದ ಕೊರತೆ ಅದು. ಮಣ್ಣನ್ನು ಪರೀಕ್ಷೆಗೆ ಕೊಡದೆ ಗೊಬ್ಬರಕ್ಕೆ ಸಾಲ ಮಾಡಬೇಡಿರಿ.

ಉಪದೇಶಿಯವರಾಗಲಿ ಶಾಲೆಯ ಮಕ್ಕಳಾಗಲಿ ಈ ಪುಸ್ತಕವನ್ನು ಬರೆದಿಡಬಹುದು. ಆದರೆ ಅದು ಸಭೆಯವರಿಗೆ ಮಾತ್ರ ಮೀಸಲಾಗದೆ, ಊರಿನ ಸಕಲರಿಗೂ ತೆರೆದಿರಲಿ. ಯಾಕಂದರೆ ಮಳೆಯು ಎಲ್ಲರ ಮೇಲೆಯೂ ಬೀಳುತ್ತದೆ.

ಅಳತೆಯು ಎಲ್ಲವನ್ನೂ ತಿಳಿಸುವದಿಲ್ಲ. ಗಾಳಿಯನ್ನೇ ನೋಡುತ್ತಾ ಕೂತವನು ಬಿತ್ತುವದಿಲ್ಲವೆಂಬ ಎಚ್ಚರಿಕೆಯು ಪ್ರಸಂಗಿಯ 11ನೆಯ ಅಧ್ಯಾಯದಲ್ಲಿ ಉಂಟು. ಅಳೆದ ಮೇಲೆ ಬಿತ್ತಬೇಕು. ಬಿತ್ತಿದ ಮೇಲೆ ಬೆಳೆಸುವವನಿಗೆ ಒಪ್ಪಿಸಬೇಕು.

ಆಲೋಚನೆಗೆ ಪ್ರಶ್ನೆಗಳು

1. ಯೋಸೇಫನ ಎಣಿಕೆಗೂ ದಾವೀದನ ಎಣಿಕೆಗೂ ಇರುವ ಭೇದವೇನು?
2. ಐಗುಪ್ತದ ಜನರು ಬದುಕಿ ಉಳಿದರೂ ತಮ್ಮ ಭೂಮಿಯನ್ನು ಕಳಕೊಂಡದ್ದು ಹೇಗೆ?
3. ಕರ್ತನು ರೊಟ್ಟಿಗಳ ಲೆಕ್ಕವನ್ನು ಶಿಷ್ಯರಿಂದಲೇ ಯಾಕೆ ಕೇಳಿದನು?
4. ನಮ್ಮ ಊರಿನಲ್ಲಿ ಮೊದಲು ಬತ್ತುವ ಬಾವಿ ಯಾರದು?
5. ಬರುವ ಹಂಗಾಮಿನ ಮುಂಚೆ ನಾವು ಕೂಡಿ ಅಳೆಯತಕ್ಕದ್ದು ಯಾವದು? ಆ ಪುಸ್ತಕವನ್ನು ಯಾರು ಬರೆಯುವರು?

ಪ್ರಾರ್ಥನೆಯ ವಿಷಯ: ಸಾಲದಿಂದ ಹೊಲವನ್ನು ಕಳಕೊಂಡ ಮನೆಯವರಿಗಾಗಿ, ನಾವು ಬರೆಯುವ ಲೆಕ್ಕದಲ್ಲಿ ಸತ್ಯವೂ, ನೀರನ್ನು ಹಂಚುವದರಲ್ಲಿ ಪ್ರೀತಿಯೂ ಇರುವದಕ್ಕಾಗಿ.