ಗಿಡದ ಕೆಳಗೆ ಕೂತ ಪ್ರವಾದಿಯು

ಓದತಕ್ಕ ಭಾಗ: ೧ ಅರಸುಗಳು ೧೯

ಎಲೀಯನು ಈಜೆಬೆಲಳಿಗೆ ಹೆದರಿ ಅರಣ್ಯಕ್ಕೆ ಓಡಿಹೋಗಿ, ಒಂದು ಗಿಡದ ಕೆಳಗೆ ಕೂತು ಮರಣವನ್ನು ಬೇಡಿಕೊಂಡನು. ದೇವರು ಅವನನ್ನು ಅಪನಂಬಿಕೆಯುಳ್ಳವನೆಂದು ಗದರಿಸಲಿಲ್ಲ. ಮೊದಲು ನಿದ್ದೆಯನ್ನೂ ರೊಟ್ಟಿಯನ್ನೂ ನೀರನ್ನೂ ಕೊಟ್ಟನು. ಆ ಮೇಲೆ ಎಲೀಷನನ್ನು ಜೊತೆಗಾರನಾಗಿ ಒದಗಿಸಿದನು.

ನಾವಾದರೋ ಏನು ಮಾಡುತ್ತೇವೆ? ನಿದ್ದೆಯಿಲ್ಲದೆ ಅಳುವ ಬಾಣಂತಿಯನ್ನೂ, ಇಲ್ಲದ ದನಿಗಳನ್ನು ಕೇಳುವ ಯೌವನಸ್ಥನನ್ನೂ, ಭಯದಿಂದ ಶಾಲೆಗೆ ಹೋಗಲಾರದ ಮಗುವನ್ನೂ ನೋಡಿ, ದೆವ್ವ ಹಿಡಿಯಿತು, ಇಲ್ಲವೆ ನಂಬಿಕೆ ಸಾಲದು, ಅನ್ನುತ್ತೇವೆ. ಬೋಧಕರಾದ ನಾವೂ ಹಾಗೆ ಅಂದದ್ದುಂಟು. ಅವರಿಗಿರುವದು ಪಾಪವಲ್ಲ, ಚಿಕಿತ್ಸೆಯುಳ್ಳ ರೋಗ.

ಇದಕ್ಕೆ ದೂರದ ಆಸ್ಪತ್ರೆಯೂ ಬಹು ಹಣವೂ ಬೇಕೇಬೇಕೆಂದು ತಿಳಿಯಬೇಡಿರಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ೧೯೮೦ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಶಿಕ್ಷಣ ಕೊಟ್ಟು, ಹಳ್ಳಿಯವರಿಗೆ ಸಮೀಪದಲ್ಲೇ ಔಷಧ ಸಿಕ್ಕುವಂತೆ ಮಾಡಿದರು. ಆ ಮಾದರಿಯನ್ನು ನೋಡಿ ಸರಕಾರವು ೧೯೯೬ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿತು. ೨೦೨೨ರಿಂದ ೧೪೪೧೬ ಎಂಬ ಸಂಖ್ಯೆಗೆ ಫೋನ್ ಮಾಡುವವರಿಗೆ ಹಗಲಿರುಳೂ ಕಾಸಿಲ್ಲದೆ ಕನ್ನಡದಲ್ಲಿ ಆಲೋಚನೆ ದೊರೆಯುತ್ತದೆ. ರೋಗಿಗೆ ಸಂಕೋಲೆ ಹಾಕುವದನ್ನು ೨೦೧೭ರ ಕಾನೂನು ನಿಷೇಧಿಸಿದೆ.

ಆದಕಾರಣ ಪ್ರಾರ್ಥಿಸೋಣ, ಪ್ರಾರ್ಥಿಸಿ ಎದ್ದು, ರೋಗಿಯನ್ನು ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗೋಣ. ವೈದ್ಯರು ಹೇಳದೆ ಔಷಧವನ್ನು ನಿಲ್ಲಿಸಬಾರದು. ಮನೆಯವರೂ ದಣಿದಿರುವರು, ಅವರಿಗಾಗಿ ಒಂದು ದಿನ ಅಡಿಗೆ ಮಾಡಿ ಕೊಡೋಣ. ಭಾನುವಾರದ ಆರಾಧನೆಯಲ್ಲಿ ಅವರನ್ನು ನಮ್ಮ ಪಕ್ಕದಲ್ಲೇ ಕೂರಿಸಿಕೊಳ್ಳೋಣ. ಗಿಡದ ಕೆಳಗೆ ಬಂದ ದೂತನು ರೊಟ್ಟಿಯನ್ನು ತಂದನಲ್ಲವೇ?