ಸೌರಕೋಶಕ್ಕೆ ಅಲ್ಪವೆಚ್ಚದ ಕವಚ

ಕ್ರಿ. ಶ. 1902ರಲ್ಲಿ ಶಿವನಸಮುದ್ರದ ಜಲಪಾತದಿಂದ ಉತ್ಪನ್ನವಾದ ವಿದ್ಯುಚ್ಛಕ್ತಿಯು ಕೋಲಾರದ ಚಿನ್ನದ ಗಣಿಗಳಿಗೆ ಹೋಯಿತು. ಜಲಪಾತವು ನಮ್ಮ ಸೀಮೆಯದೇ ಆದರೂ ಅದರ ಬೆಳಕು ನಮ್ಮ ಹಳ್ಳಿಗಳಿಗೆ ಬಂದದ್ದು ಬಹುಕಾಲದ ಮೇಲೆ. ಸೂರ್ಯನಾದರೋ ಅಂತಹ ಭೇದವನ್ನರಿಯನು. ಶ್ರೀರಂಗಪಟ್ಟಣದ ಗದ್ದೆಗೂ ನಾಗಮಂಗಲದ ಬೆದ್ದಲಿಗೂ ಆತನ ಬೆಳಕು ಸಮಾನವಾಗಿಯೇ ಬೀಳುತ್ತದೆ. ಆ ಬೆಳಕನ್ನು ವಿದ್ಯುತ್ತಾಗಿಸುವ ಸಿಲಿಕಾನ್ ಸೌರಕೋಶವು 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಿಂದ ಲೋಕಕ್ಕೆ ಪ್ರಕಟವಾಯಿತು. ಇಂದು ಶಾಲೆಯ ಬಾಲಿಕೆಯರೂ ಕೋಶಗಳನ್ನು ಕೊಂಡು ಸಣ್ಣ ದೀಪವನ್ನು ಉರಿಸಬಲ್ಲರು.

ಆದರೆ ಶಿವರಾತ್ರಿಯಲ್ಲಿ ಉರಿದ ದೀಪವು ಮಳೆಗಾಲವನ್ನು ಕಳೆದು ದೀಪಾವಳಿಗೆ ಉರಿಯದೆ ಹೋಗುವುದುಂಟು. ಆಗ ಮನೆಯ ಹಿರಿಯರು, “ಇದೆಲ್ಲಾ ಆಟದ ಸಾಮಾನು” ಎನ್ನುವರು. ಮಗಳ ಉತ್ಸಾಹವೂ ಕುಗ್ಗುವುದು. ಹೆಚ್ಚಿನ ವೇಳೆ ದೋಷವು ಕೋಶದಲ್ಲಿರುವುದಿಲ್ಲ, ಅದರ ಕವಚದಲ್ಲಿರುತ್ತದೆ. ಆದಕಾರಣ ಕವಚದ ವಿಚಾರವನ್ನು ಇಲ್ಲಿ ವಿವರಿಸುವೆವು.

ಕೋಶದ ದಪ್ಪವು ಸುಮಾರು 0.2 ಮಿಲಿಮೀಟರು ಮಾತ್ರ, ಹಪ್ಪಳದಂತೆ ಮುರಿಯುವುದು. ಒಂದೊಂದು ಕೋಶವು ಸುಮಾರು ಅರ್ಧ ವೋಲ್ಟನ್ನು ಕೊಡುವುದರಿಂದ, 6 ವೋಲ್ಟಿಗೆ 12 ಕೋಶಗಳನ್ನು ಸಾಲಾಗಿ ಬೆಸೆಯಬೇಕು. ಸಾಲಿನಲ್ಲಿ ಒಂದು ಕೆಟ್ಟರೆ ಉಳಿದವುಗಳ ಕೆಲಸವೂ ಕುಂದುವುದು. ಇವಕ್ಕೆ ಶತ್ರುಗಳು ಮೂರು. ಮೊದಲನೆಯದು ತೇವ: ಸಿಲಿಕಾನಿಗೆ ತುಕ್ಕು ಹಿಡಿಯದಿದ್ದರೂ ಅದರ ಮೇಲಿನ ಲೋಹದ ಗೆರೆಗಳೂ ಬೆಸುಗೆಯೂ ತೇವದಿಂದ ಕೆಡುವುವು. ಎರಡನೆಯದು ಶಾಖ: ಬಿಸಿಯೇರಿದಾಗ ಗಾಜು ಸಿಲಿಕಾನಿಗಿಂತ ಸುಮಾರು ಮೂರರಷ್ಟು ಹಿಗ್ಗುವುದು, ಅಕ್ರಿಲಿಕ್ ಹಾಳೆಯು ಗಾಜಿನ ಸುಮಾರು ಎಂಟರಷ್ಟು ಹಿಗ್ಗುವುದು. ಮೂರನೆಯದು ಬಿಸಿಲಿನ ನೇರಿಳಾತೀತ ಕಿರಣ: ಇದು ಅನೇಕ ಅಂಟುಗಳನ್ನು ಹಳದಿಯಾಗಿಸುವುದು.

ಇನ್ನು ಉಪಾಯಗಳನ್ನು ನೋಡೋಣ. ಕೋಶಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಬರಿದೇ ಇಡುವುದು ಎಲ್ಲಕ್ಕಿಂತ ಅಗ್ಗ. ಆದರೆ ಒಳಗಿನ ಗಾಳಿಯ ತೇವವು ರಾತ್ರಿ ತಣಿದು ಹನಿಯಾಗುವುದು. ಗಾಜಿನ ಒಳಮೈಯಿಂದಲೂ ಸ್ವಲ್ಪ ಬೆಳಕು ಪ್ರತಿಫಲಿಸಿ ನಷ್ಟವಾಗುವುದು. ಎಪಾಕ್ಸಿ ಅಂಟನ್ನು ಮೇಲೆ ಸುರಿಯುವುದು ಸುಲಭ. ಅದು ಗಟ್ಟಿಯಾಗಿ ಚೆನ್ನಾಗಿ ಕಂಡರೂ ಬಿಸಿಲಿನಲ್ಲಿ ಹಳದಿಗಟ್ಟುವುದು. ವಸ್ತುಪ್ರದರ್ಶನಕ್ಕೆ ಇದು ಸಾಕು, ಮಾಡಿನ ಮೇಲೆ ವರ್ಷಗಟ್ಟಲೆ ಇಡಲು ತಕ್ಕುದಲ್ಲ.

ಕಾರ್ಖಾನೆಗಳಲ್ಲಿ ಇ.ವಿ.ಎ. ಎಂಬ ಹಾಳೆಯನ್ನು ಗಾಜಿಗೂ ಕೋಶಗಳಿಗೂ ನಡುವೆ, ಮತ್ತು ಕೋಶಗಳ ಹಿಂದೆ ಇಟ್ಟು, ಗಾಳಿಯನ್ನು ಹೊರಗೆಳೆದು, ಸುಮಾರು 150 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒತ್ತುವರು. ಹಾಳೆಯು ಅಗ್ಗವೇ, ಆದರೆ ಗಾಳಿಯನ್ನು ತೆಗೆಯುವ ಯಂತ್ರವಿಲ್ಲದೆ ಇಸ್ತ್ರಿಪೆಟ್ಟಿಗೆಯಿಂದ ಒತ್ತಿದರೆ ಗುಳ್ಳೆಗಳು ಉಳಿದು, ಅಲ್ಲಿಂದಲೇ ಕೇಡು ಆರಂಭವಾಗುವುದು.

ಮನೆಯಲ್ಲಿ ಮಾಡತಕ್ಕವರಿಗೆ ಪಾರದರ್ಶಕ ಸಿಲಿಕೋನ್ ರಬ್ಬರೇ ಉತ್ತಮ. ಅದು ಗಟ್ಟಿಯಾದ ಮೇಲೂ ಮೃದುವಾಗಿದ್ದು ಹಿಗ್ಗುಕುಗ್ಗನ್ನು ತಾಳುವುದು, ಬಿಸಿಲಿಗೆ ಬೇಗ ಹಳದಿಯಾಗದು. ಎಪಾಕ್ಸಿಗಿಂತ ಬೆಲೆ ಹೆಚ್ಚಾದರೂ ತೆಳುವಾದ ಪದರವೇ ಸಾಕಾಗುವುದರಿಂದ ಸಣ್ಣ ಫಲಕಕ್ಕೆ ಹೊರೆಯಾಗದು. ಒಂದು ಎಚ್ಚರಿಕೆ: ಒಣಗುವಾಗ ವಿನಿಗರಿನ ಹುಳಿವಾಸನೆ ಬೀರುವ ಜಾತಿಯನ್ನು ಬಳಸಕೂಡದು, ಅದರ ಆಮ್ಲವು ತಾಮ್ರವನ್ನು ಕೊರೆಯುವುದು. ಎರಡು ದ್ರವಗಳನ್ನು ಬೆರೆಸಿ ಸುರಿಯುವ ಜಾತಿಯನ್ನು ಕೊಳ್ಳಬೇಕು.

ಕ್ರಮವು ಹೀಗೆ. ಗಾಜನ್ನು ತೊಳೆದು ಪೂರ್ತಿ ಒಣಗಿಸಬೇಕು. ದ್ರವವನ್ನು ಮೆಲ್ಲಗೆ ಬೆರೆಸಿ, ಗುಳ್ಳೆಗಳು ಏಳುವವರೆಗೆ ತಾಳಿ, ತೆಳುವಾಗಿ ಹೊಯ್ಯಬೇಕು. ಬೆಸೆದ ಕೋಶಗಳನ್ನು ಮುಖ ಕೆಳಗಾಗಿ, ಒಂದು ಅಂಚಿನಿಂದ ಆರಂಭಿಸಿ ಇಳಿಸಬೇಕು. ಒಮ್ಮೆಗೇ ಇಟ್ಟರೆ ಗಾಳಿಯು ಸಿಕ್ಕಿಬೀಳುವುದು. ಕೋಶಗಳ ನಡುವಣ ತಾಮ್ರಪಟ್ಟಿಯಲ್ಲಿ ಸಣ್ಣ ಬಾಗು ಇರಲಿ. ಹಿಂದೆ ಇನ್ನೊಂದು ಪದರವನ್ನು ಹೊಯ್ದು, ಮತ್ತೊಂದು ಗಾಜನ್ನು ಮುಚ್ಚಬೇಕು. ಹಲಗೆಯು ತೇವವನ್ನು ಹೀರುವುದರಿಂದ ತಕ್ಕುದಲ್ಲ. ಕೋಶಕ್ಕೂ ಗಾಜಿನ ಅಂಚಿಗೂ ನಡುವೆ 15 ಮಿಲಿಮೀಟರು ಬಿಟ್ಟು, ಅಂಚನ್ನೂ ತಂತಿ ಹೊರಡುವ ಎಡೆಯನ್ನೂ ಚೆನ್ನಾಗಿ ಮುಚ್ಚಬೇಕು.

ಶ್ರೀರಂಗಪಟ್ಟಣ, ಪಾಂಡವಪುರಗಳ ನಾಲೆಯ ಬಯಲಿನವರು ಅಂಚಿನ ಭದ್ರತೆಗೂ, ನಾಗಮಂಗಲ, ಕೃಷ್ಣರಾಜಪೇಟೆಗಳ ಬೆದ್ದಲಿನವರು ಶಾಖಕ್ಕೂ ಧೂಳಿಗೂ ವಿಶೇಷವಾಗಿ ಗಮನ ಕೊಡತಕ್ಕದ್ದು. ಫಲಕವು ದಕ್ಷಿಣಕ್ಕೆ ಸುಮಾರು 15 ಡಿಗ್ರಿ ವಾಲಿರಲಿ. ಮಳೆಯೇ ಧೂಳನ್ನು ತೊಳೆಯುವುದು, ನೀರೂ ನಿಲ್ಲದು.

ಕಡೆಯದಾಗಿ, ಪರೀಕ್ಷೆಯಿಲ್ಲದೆ ಯಾವ ಕವಚವನ್ನೂ ನಂಬಬೇಡಿರಿ. ತಿಂಗಳಿಗೊಮ್ಮೆ, ಮೋಡವಿಲ್ಲದ ಮಧ್ಯಾಹ್ನದಲ್ಲಿ, ಫಲಕದ ವಿದ್ಯುತ್‌ಪ್ರವಾಹವನ್ನು ಅಳೆದು ಪುಸ್ತಕದಲ್ಲಿ ಬರೆದಿಡಿರಿ. ಅಂಚಿನಲ್ಲಿ ಬಿಳಿ ಮಬ್ಬು ತೋರಿದರೆ ತೇವವು ಒಳಹೊಕ್ಕಿತೆಂದು ತಿಳಿಯಬೇಕು. ಉಪಾಧ್ಯಾಯಿನಿಯರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಇದನ್ನು ತಮ್ಮ ತರಗತಿಗಳಲ್ಲಿ ಮಾಡಿಸಿದರೆ, ಒಂದು ವರ್ಷದಲ್ಲಿ ಯಾವ ಕವಚವು ಎಲ್ಲಿ ನಿಲ್ಲುವುದೆಂಬುದು ಮಕ್ಕಳಿಗೇ ತಿಳಿದುಬರುವುದು.

ಹತ್ತು ಮಂದಿ ಕನ್ಯೆಯರ ಸಾಮ್ಯವನ್ನು ನಾವೆಲ್ಲರೂ ಈ ಶಾಲೆಯ ಪ್ರಾರ್ಥನಾಮಂದಿರದಲ್ಲಿ ಕೇಳಿದವರೇ. ಎಲ್ಲರ ಕೈಯಲ್ಲಿಯೂ ದೀಪವಿತ್ತು. ಮುಂದಾಲೋಚನೆಯು ಐವರಲ್ಲಿ ಮಾತ್ರವಿತ್ತು. ನಮ್ಮ ಹೆಣ್ಣುಮಕ್ಕಳ ದೀಪವು ಮಳೆಗಾಲದ ನಂತರವೂ ಉರಿಯುವಂತಾಗಬೇಕಾದರೆ ಅದೇ ಮುಂದಾಲೋಚನೆಯು ಬೇಕು.